ಕೋವಿಯ ಸ್ಪ್ರಿಂಗಿಗೆ ನೀಲಿ ಬರುವ ಹೊತ್ತು

ಮದುವೆಯಾಗಿ ಪುಂಜಾಲಕಟ್ಟೆಗೆ ಬಂದ ಹೊಸತರಲ್ಲಿ ಆ ಮನೆಯ ಒಂದು ಸಂಗತಿ ನನಗೆ ಅರ್ಥವಾಗುತ್ತಿರಲಿಲ್ಲ. ಅತ್ತೆ ಒಳಗೆ ದೋಸೆ ಹೊಯ್ಯುತ್ತಿರುವಾಗ ರಸ್ತೆ ಬದಿಯ ಕುಲುಮೆಯ ಕೊಟ್ಟಿಗೆಯಿಂದ ನನ್ನ ಗಂಡ "ಅಮ್ಮಾ, ಬಾ" ಎಂದು ಕರೆಯುತ್ತಿದ್ದರು. ಅತ್ತೆ ಸಟ್ಟುಗವನ್ನು ನನ್ನ ಕೈಗೆ ಕೊಟ್ಟು ಹೋಗಿಬಿಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ "ಈಗ" ಎಂಬ ಅವರ ಒಂದೇ ಮಾತು ಕೇಳಿಸುತ್ತಿತ್ತು. ಆಮೇಲೆ ಬಂದು, ಏನೂ ಆಗದವರಂತೆ ದೋಸೆ ಮಗುಚುತ್ತಿದ್ದರು. ಕುಲುಮೆಗೆ ಸಂಬಂಧಪಟ್ಟ ಯಾವುದೋ ಶಾಸ್ತ್ರವಿರಬೇಕು, ಹೊಸ ಸೊಸೆ ಕೇಳಬಾರದು ಎಂದುಕೊಂಡು ನಾನು ಸುಮ್ಮನಿದ್ದೆ.

ನನ್ನ ಗಂಡ ಕೋವಿ ರಿಪೇರಿ ಮಾಡುತ್ತಿದ್ದರು. ಹಂದಿ, ಮಂಗಗಳಿಂದ ಬೆಳೆ ಕಾಯಲು ಆಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಲೈಸನ್ಸಿನ ಕೋವಿ ಇತ್ತು. ಹೆಚ್ಚಿನವು ಅಜ್ಜಂದಿರ ಕಾಲದವು. ಅವುಗಳ ಕುದುರೆ, ಅಂದರೆ ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಬಡಿಯುವ ಕೊಕ್ಕೆ, ಕೆಲಸ ಮಾಡುವುದು ಒಳಗಿನ ಒಂದು ಸ್ಪ್ರಿಂಗಿನ ಬಲದಿಂದ. ಅದು ತುಂಡಾದರೆ ಕೋವಿ ಒನಕೆಗೆ ಸಮ. ಯಾವ ಅಂಗಡಿಯಲ್ಲೂ ಅದು ಸಿಗುತ್ತಿರಲಿಲ್ಲ. ಒಂದು ಕೋವಿಯದು ಇನ್ನೊಂದಕ್ಕೆ ಕೂರುತ್ತಲೂ ಇರಲಿಲ್ಲ. ಹಾಗಾಗಿ ಇವರು ಹಳೆಯ ಗರಗಸದ ಅಲಗನ್ನು ಕತ್ತರಿಸಿ, ಕಾಯಿಸಿ, ಚಿಮಟದ ಹಾಗೆ ಮಡಚಿ, ಅರದಿಂದ ತೀಡಿ, ಆಯಾ ಕೋವಿಗೆ ಬೇಕಾದದ್ದನ್ನು ಕೈಯಲ್ಲೇ ಮಾಡುತ್ತಿದ್ದರು. ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಬೇಗ ಒಡೆಯುವಂಥದ್ದು. ಅದಕ್ಕೆ ಹದ ಬರಿಸಬೇಕಾದರೆ ಪಾಲಿಶ್ ಕಾಗದದಿಂದ ಉಜ್ಜಿ ಬೆಳ್ಳಗೆ ಮಾಡಿ, ಕಾವಲಿಯ ಮೇಲೆ ಬಿಸಿ ಮರಳಿನಲ್ಲಿ ಇಡಬೇಕು. ಮೊದಲು ಒಣಹುಲ್ಲಿನ ಬಣ್ಣ ಬರುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ, ಕಡೆಗೆ ನೀಲಿ. ನೇರಳೆಯಲ್ಲಿ ತೆಗೆದರೆ ಸ್ಪ್ರಿಂಗು ಮುರಿಯುತ್ತದೆ. ನೀಲಿ ದಾಟಿ ಬೂದಿ ಬಣ್ಣವಾದರೆ ಮೆತ್ತಗಾಗಿ, ಬಗ್ಗಿದ್ದು ಬಗ್ಗಿದ ಹಾಗೇ ಉಳಿಯುತ್ತದೆ.

ಒಂದು ದಿನ ಅತ್ತೆಯೇ ಬಾಯಿಬಿಟ್ಟರು. "ಅವನಿಗೆ ನೇರಳೆಯೂ ನೀಲಿಯೂ ಒಂದೇ. ಸಣ್ಣದಿರುವಾಗಿಂದ ಹಾಗೆ. ಅವನ ಅಪ್ಪ ಹೋದ ಮೇಲೆ ಬಣ್ಣ ನೋಡುವುದು ನಾನು. ಹೊರಗೆ ಹೇಳ್ಬೇಡ ಆಯ್ತಾ?"

ಆಗ ನನಗೆ ಇನ್ನೊಂದು ಮಾತು ನೆನಪಾಯಿತು. ಮದುವೆಯಾದ ಮರುದಿನ ಇವರು ಬಹಳ ಧೈರ್ಯ ಮಾಡಿ "ನಿನ್ನ ನೀಲಿ ಸೀರೆ ಚಂದ ಉಂಟು" ಎಂದಿದ್ದರು. ನಾನು ಉಟ್ಟದ್ದು ಅಪ್ಪಟ ನೇರಳೆ ಬಣ್ಣದ ಸೀರೆ. ಸರಿಯಾಗಿ ಮುಖ ಎತ್ತಿ ನೋಡಲೂ ಇಲ್ಲ, ಬಾಯಿಗೆ ಬಂದದ್ದು ಹೇಳಿದರು ಎಂದು ನನಗೆ ಒಳಗೊಳಗೇ ಬೇಸರವಾಗಿತ್ತು. ಪಾಪ, ಅವರು ನೋಡಿಯೇ ಹೇಳಿದ್ದರು.

ಮಳೆಗಾಲ ಮುಗಿಯುವಷ್ಟರಲ್ಲಿ ಅತ್ತೆಯ ಕಣ್ಣಿಗೆ ಪೊರೆ ಬಂತು. ಅವರು ಅದನ್ನು ಒಪ್ಪಲಿಲ್ಲ. "ಹೊಗೆ ಜಾಸ್ತಿ ಆಗಿದೆ ಅಷ್ಟೆ" ಎನ್ನುತ್ತಿದ್ದರು. ಲಾಯಿಲದ ಕಡೆಯ ಒಬ್ಬ ಜೈನ ಹಿರಿಯರು ನಮ್ಮ ಹಳೆಯ ಗಿರಾಕಿ. ಅವರ ಕೋವಿ ಯಾವತ್ತೂ ಆಕಾಶಕ್ಕೇ ಹೊಡೆಯುವಂಥದ್ದು. ಸದ್ದಿಗೆ ಹಂದಿ ಓಡಿದರೆ ಸಾಕು, ಜೀವಕ್ಕೆ ತೊಂದರೆ ಆಗಬಾರದು ಅವರಿಗೆ. ಅವರು ರಿಪೇರಿ ಮಾಡಿಸಿ ಒಯ್ದ ಕೋವಿಯೊಂದಿಗೆ ಮರುವಾರವೇ ತಿರುಗಿ ಬಂದರು.

"ಆಚಾರ್ರೇ, ಇದರ ಸ್ಪ್ರಿಂಗು ಟಕ್ ಅಂತ ತುಂಡಾಯ್ತು. ಹಂದಿಗಳು ನನ್ನನ್ನು ನೋಡಿಕೊಂಡೇ ಗೆಣಸು ತಿಂದವು ಮಾರಾಯ್ರೆ."

ಇವರು ಕೋವಿ ತೆಗೆದುಕೊಂಡರು. ಅತ್ತೆ ಬಾಗಿಲ ಹಿಂದೆಯೇ ನಿಂತಿದ್ದರು. ಗಿರಾಕಿ ಹೋದ ಮೇಲೆ ನನ್ನ ಕೈ ಹಿಡಿದು ಕೊಟ್ಟಿಗೆಗೆ ಕರೆತಂದು ತಮ್ಮ ಮಣೆಯ ಮೇಲೆ ಕೂರಿಸಿದರು. "ಇನ್ನು ಇವಳು ನೋಡ್ತಾಳೆ" ಎಂದು ಮಗನಿಗೆ ಹೇಳಿ ಒಳಗೆ ಹೋದರು.

ಮೊದಲ ಸಲ ನಾನು ಅವಸರ ಮಾಡಿದೆ. ತುದಿಯಲ್ಲಿ ನೀಲಿ ಕಂಡದ್ದೇ ತಡ, "ಈಗ" ಎಂದೆ. ಇವರು ಒಡನೆ ಇಕ್ಕಳದಿಂದ ತೆಗೆದರು. ಅಲಗು ಮಡಚಿದ ಮಡಿಕೆಯ ಹತ್ತಿರ ಇನ್ನೂ ನೇರಳೆ ಇತ್ತು. ತಣಿದ ಮೇಲೆ ತಿರುಪು ತಿರುಗಿಸಿ ಬಿಗಿಯುವ ವೈಸಿನ ಬಾಯಿಗೆ ಕೊಟ್ಟು ಅದುಮಿ ನೋಡುವಾಗ ಅಲ್ಲಿಯೇ ಮುರಿಯಿತು. ಎಷ್ಟೋ ಹೊತ್ತು ಅರ ಹಾಕಿ ತೀಡಿದ ಕೆಲಸ. ನನಗೆ ಅಳು ಬಂತು. ಅವರು ತುಂಡುಗಳನ್ನು ಬದಿಗಿಟ್ಟು, "ನೀನು ಹೇಳಿದ ಕೂಡಲೇ ನಾನು ತೆಗೆದೆ. ಇನ್ನೊಮ್ಮೆ ಮಾಡುವ" ಎಂದು ಇನ್ನೊಂದು ಅಲಗಿನ ತುಂಡು ಕೈಗೆತ್ತಿಕೊಂಡರು. ಎರಡನೆಯ ಸಲ ಮಡಿಕೆಯ ಮೇಲೆಯೇ ಕಣ್ಣು ನೆಟ್ಟು ಕೂತೆ. ಶಂಖಪುಷ್ಪದ ಬಣ್ಣ ಅಲ್ಲಿಗೂ ಹರಿದು ಬಂದ ಮೇಲೆ ಬಾಯಿಬಿಟ್ಟೆ. ಆ ಸ್ಪ್ರಿಂಗು ಎಷ್ಟು ಅದುಮಿದರೂ ಚಿಮ್ಮಿ ನಿಂತಿತು. ಅಲ್ಲಿಂದ ಮುಂದೆ ಕೊಟ್ಟಿಗೆಯಿಂದ ಬರುವ ಕರೆ "ಇವಳೇ, ಬಾ" ಎಂದಾಯಿತು.

ನಾನು ಬಸುರಿಯಾದಾಗ ಹೆರಿಗೆಗೆಂದು ಮೂಡಬಿದಿರೆಯ ತವರಿಗೆ ಹೋದೆ. ಬಣ್ಣ ನೋಡುವುದು ಯಾರು ಎಂದು ಹೊರಡುವಾಗ ಇಬ್ಬರೂ ಮಾತೆತ್ತಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಇವರು ಅಂಗಳದಲ್ಲಿ ನಿಂತಿದ್ದರು. ವಾಮದಪದವಿನವರೆಗೆ ಸೈಕಲ್ಲು, ಅಲ್ಲಿಂದ ಬಸ್ಸು. ಕೈಯಲ್ಲಿ ಬಿಸ್ಕೆಟಿನ ಡಬ್ಬಿ. ನನ್ನ ಅಮ್ಮನಿಗೆ ಹಿಗ್ಗೋ ಹಿಗ್ಗು. ಬಸುರಿ ಹೆಂಡತಿಗೆ ಬಿಸ್ಕೆಟು ಹೊತ್ತು ಇಷ್ಟು ದೂರ ಬಂದ ಅಳಿಯ ಬೇರೆ ಯಾರಿಗೆ ಉಂಟು? ಪಕ್ಕದ ಮನೆಯವರನ್ನೂ ಕರೆದು ತೋರಿಸಿ, ಅವರೆದುರಿಗೇ ಡಬ್ಬಿಯ ಮುಚ್ಚಳ ತೆಗೆದರು. ಹತ್ತಿಯ ನಡುವೆ ಬೆಳ್ಳಗೆ ಉಜ್ಜಿದ ಸ್ಪ್ರಿಂಗುಗಳು ಸಾಲಾಗಿ ಮಲಗಿದ್ದವು.

"ಇದೆಂತ?" ಎಂದರು ಅಮ್ಮ.

ಇವರು ತಲೆ ತಗ್ಗಿಸಿ, "ಅತ್ತೆ, ಒಂದು ಹಳೇ ಕಾವಲಿ ಉಂಟಾ?" ಎಂದು ಕೇಳಿದರು.

ಹಳೆಯದು ಇರಲಿಲ್ಲ. ದೋಸೆಯ ಕಾವಲಿಯನ್ನೇ ಕೊಡಬೇಕಾಯಿತು. ಹಿತ್ತಿಲಲ್ಲಿ ಕಲ್ಲಿಟ್ಟು ಬೆಂಕಿ ಮಾಡಿ ನಾವಿಬ್ಬರೂ ಎದುರುಬದುರು ಕೂತೆವು. ಮರಳು ಕಾಯುವವರೆಗೆ ಮಾತಿಗೆ ಬಿಡುವಿತ್ತು. ನನ್ನ ಅತ್ತೆಯ ಕಣ್ಣು, ಮನೆಯ ದನ, ಸಾರಿಗೆ ಉಪ್ಪು ಹೆಚ್ಚಾದದ್ದು, ಎಲ್ಲ ಹೇಳಿದರು. ಪುಂಜಾಲಕಟ್ಟೆಯಲ್ಲಿ ಅಷ್ಟು ಮಾತಾಡಿದವರೇ ಅಲ್ಲ. ಹೊರಡುವಾಗ ಅಮ್ಮ ಕೇಳಿಯೇಬಿಟ್ಟರು.

"ನೀವು ಹೆಂಡತಿಯನ್ನು ನೋಡ್ಲಿಕ್ಕೆ ಬಂದದ್ದೋ, ಇದನ್ನು ಬೇಯಿಸ್ಲಿಕ್ಕೆ ಬಂದದ್ದೋ?"

"ಎರಡೂ ಒಂದೇ ಬಸ್ಸಿನಲ್ಲಿ ಆಯ್ತಲ್ಲ ಅತ್ತೆ" ಎಂದರು ಇವರು.

ಆಮೇಲೂ ಆಗಾಗ ಬರುತ್ತಿದ್ದರು. ಅಮ್ಮ ಸಂತೆಯಿಂದ ಬೇರೆ ಕಾವಲಿ ತಂದು, ಅಳಿಯನದ್ದೆಂದು ಗೋಡೆಗೆ ತೂಗುಹಾಕಿದರು. ಕೆಲವು ಸಲ ಡಬ್ಬಿಯಲ್ಲಿ ಒಂದೇ ಒಂದು ಸ್ಪ್ರಿಂಗು ಇರುತ್ತಿತ್ತು. ಇದೊಂದಕ್ಕೆ ಇಷ್ಟು ದೂರವೇ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮಗಳು ಹುಟ್ಟಿದ ಸುದ್ದಿ ಮುಟ್ಟಿದ ದಿನ ಮಾತ್ರ ಬರಿಗೈಯಲ್ಲಿ, ಕುಲುಮೆಯ ಮಸಿ ಮೆತ್ತಿದ ಅಂಗಿಯಲ್ಲೇ ಓಡಿ ಬಂದಿದ್ದರು. ಮಗುವನ್ನು ಮುಟ್ಟುವ ಮೊದಲು ಬಾವಿಕಟ್ಟೆಯಲ್ಲಿ ಕೈ ಉಜ್ಜುತ್ತ ಎಷ್ಟು ಹೊತ್ತು ನಿಂತರೆಂದರೆ, ಅಮ್ಮ ಹೋಗಿ ಕರೆತರಬೇಕಾಯಿತು.

ನಾನು ಬಾಣಂತನದಲ್ಲಿರುವಾಗ ಬಂಟ್ವಾಳದ ಕತ್ತಿ ಮಾಡುವ ಆಚಾರಿಯೊಬ್ಬರು ಕೊಡಪಾನ ಹಿಡಿದು ಅಮ್ಮನ ಮನೆಗೆ ಬಂದರು. ನಿಮ್ಮ ಬಾವಿಯ ನೀರು ಬೇಕು, ಕಬ್ಬಿಣಕ್ಕೆ ಒಳ್ಳೆ ಹದ ಕೊಡುತ್ತದಂತೆ ಎಂದರು. ಅಮ್ಮನಿಗೆ ತಲೆಬುಡ ತಿಳಿಯದಿದ್ದರೂ ನೀರು ಸೇದಿ ಕೊಟ್ಟು, ಮಜ್ಜಿಗೆ ಕುಡಿಸಿ ಕಳಿಸಿದರು. ಮಗುವಿನೊಂದಿಗೆ ಪುಂಜಾಲಕಟ್ಟೆಗೆ ತಿರುಗಿ ಬಂದ ಮೇಲೆ ನಾನು ಇದನ್ನು ಇವರಿಗೆ ಹೇಳಿದೆ.

"ಹದಕ್ಕೆ ಮೂಡಬಿದಿರೆಗೆ ಯಾಕೆ ಹೋಗುವುದು ಅಂತ ಎಲ್ಲರೂ ಕೇಳ್ತಿದ್ರು. ಅಲ್ಲಿಯ ನೀರು ಒಳ್ಳೇದು ಅಂತ ಹೇಳಿದೆ. ಮತ್ತೆಂತ ಹೇಳುವುದು?"

"ಇದ್ದದ್ದು ಹೇಳಿ."

ಅವರು ಅತ್ತೆಯ ಕಡೆ ನೋಡಿದರು. ಅತ್ತೆ ಮಗುವಿನ ಕಾಲಿಗೆ ಎಣ್ಣೆ ತಿಕ್ಕುತ್ತಲೇ, "ಹೇಳು. ಈಗ ನನ್ನದೆಂತ ಉಂಟು ಅದರಲ್ಲಿ" ಎಂದರು.

ಮರುದಿನ ಲಾಯಿಲದ ಹಿರಿಯರು ಬಂದರು. ಇವರು ಅವರನ್ನು ಬೆಂಚಿನ ಮೇಲೆ ಕೂರಿಸಿ, ತಮಗೆ ಬಣ್ಣ ತಿಳಿಯುವುದಿಲ್ಲವೆಂದೂ ಸ್ಪ್ರಿಂಗಿನ ಹದ ನೋಡುವುದು ಹೆಂಡತಿಯೆಂದೂ ಹೇಳಿದರು. ಹಿರಿಯರು ತಮಾಷೆಯೆಂದುಕೊಂಡು ನಕ್ಕರು. ಇವರು ನಗಲಿಲ್ಲ. ಮರಳಿನ ಮೇಲೆ ಸ್ಪ್ರಿಂಗು ಇಟ್ಟು, ಒಳಗೆ ತಿರುಗಿ "ಇವಳೇ, ಬಾ" ಎಂದರು. ನಾನು ಹೋಗಿ ಮಣೆಯ ಮೇಲೆ ಕೂತೆ.