ಐರನ್ ಕ್ರಾಸ್ ಮೇಲಿನ ಬಿಳಿ ಪುಡಿ

೨೦೨೨ರ ನವೆಂಬರ್‌ನಲ್ಲಿ ನಾನು ನ್ಯೂಜೆರ್ಸಿಯ ಒಂದು ಖಾಸಗಿ ಲೋಹಪರೀಕ್ಷಾ ಪ್ರಯೋಗಾಲಯದಲ್ಲಿ ಹಿರಿಯ ಪರೀಕ್ಷಕಿಯಾಗಿದ್ದೆ. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ನಮ್ಮಲ್ಲಿಗೆ ಬರುತ್ತಿದ್ದುದು ಹೆಚ್ಚಾಗಿ ಮುರಿದ ಬೋಲ್ಟುಗಳು, ಬಿರುಕುಬಿಟ್ಟ ಪೈಪುಗಳು. ನಡುನಡುವೆ ಹಳೆಯ ಪದಕಗಳ ಸಂಗ್ರಾಹಕರೂ ಬರುತ್ತಿದ್ದರು. ಜರ್ಮನಿಯ ಸೈನಿಕ ಪದಕಗಳಿಗೆ ಬೇಡಿಕೆ ಹೆಚ್ಚು. ಹಾಗಾಗಿ ನಕಲಿಗಳೂ ಹೆಚ್ಚು.

ಓಲ್ಡ್ ಬ್ರಿಡ್ಜ್ ಎಂಬ ಊರಿನ ಡಾ. ಶಿವಾನಂದ ಅವರು ತಂದದ್ದು ಮೊದಲನೆಯ ಮಹಾಯುದ್ಧದ ಐರನ್ ಕ್ರಾಸ್, ಜರ್ಮನಿ ತನ್ನ ಸೈನಿಕರಿಗೆ ಕೊಡುತ್ತಿದ್ದ ಶಿಲುಬೆಯಾಕಾರದ ಪದಕ. ಧಾರವಾಡದ ಕಡೆಯ ಈ ಹೃದ್ರೋಗ ತಜ್ಞರು ಸೆಪ್ಟೆಂಬರ್‌ನಲ್ಲಿ ಅದನ್ನು ವಾಲ್ಟರ್ ಎಂಬವರಿಂದ ಕೊಂಡಿದ್ದರು. ವಾಲ್ಟರ್‌ಗೆ ಎಂಬತ್ತೊಂದು ವರ್ಷ. ನಿವೃತ್ತ ಇತಿಹಾಸ ಮೇಷ್ಟ್ರು. ಇಬ್ಬರೂ ಒಂದೇ ಸಂಗ್ರಾಹಕರ ಕ್ಲಬ್ಬಿನ ಸದಸ್ಯರು. ಪದಕ ತಮ್ಮ ಅಜ್ಜನದು ಎಂದು ವಾಲ್ಟರ್ ಹೇಳಿದ್ದರಂತೆ. ದೀಪಾವಳಿ ಕಳೆದ ಮೇಲೆ ಡಾಕ್ಟರು ಗಾಜಿನ ಕಪಾಟು ತೆರೆದು ನೋಡಿದರೆ ಪದಕದ ಕಪ್ಪು ಬಣ್ಣ ಹೋಗಿ ಕಿತ್ತಳೆ ತುಕ್ಕು ಎದ್ದಿತ್ತು. ಮೋಸ ಹೋದೆ ಎಂದುಕೊಂಡ ಅವರು ವಾಲ್ಟರ್‌ಗೆ ಫೋನ್ ಮಾಡಿ ಹಾಗೆಯೇ ಹೇಳಿದರು. ಲ್ಯಾಬ್ ಏನು ಹೇಳುತ್ತದೋ ನೋಡೋಣ ಎಂದಷ್ಟೇ ಮುದುಕರ ಉತ್ತರ.

"ದುಡ್ಡಿನ ಮಾತಲ್ಲ ಮೇಡಂ," ಎಂದರು ಡಾಕ್ಟರು. "ಅಜ್ಜನ ಹೆಸರು ಹೇಳಿ ಮಾರ್ಯಾನ. ಸುಳ್ಳಂತಾದ್ರ ಆ ಮನುಷ್ಯಾ ಮತ್ತ ನಮ್ಮ ಕ್ಲಬ್ಬಿನಾಗ ಟೇಬಲ್ ಹಾಕಬಾರದು."

ಭಾನುವಾರ ಕ್ಲಬ್ಬಿನ ಸಭೆ. ಅಲ್ಲಿ ನನ್ನ ವರದಿಯನ್ನು ಓದುವುದು ಅವರ ಉದ್ದೇಶ. ವಾಲ್ಟರ್ ಮೂವತ್ತು ವರ್ಷಗಳಿಂದ ಅದೇ ಸಭಾಂಗಣದ ಅದೇ ಮೂಲೆಯಲ್ಲಿ ಪದಕಗಳನ್ನು ಮಾರಲು ಟೇಬಲ್ ಹಾಕುತ್ತಿದ್ದವರು.

ಅಸಲಿ ಐರನ್ ಕ್ರಾಸ್‌ನಲ್ಲಿ ಮೂರು ಭಾಗಗಳಿರುತ್ತವೆ. ನಡುವೆ ಕಪ್ಪು ಬಣ್ಣ ಬಳಿದ ಕಬ್ಬಿಣ. ಅದನ್ನು ಎರಡೂ ಕಡೆಯಿಂದ ಹಿಡಿದು ಅಂಚಿನಲ್ಲಿ ಬೆಸೆದ ಬೆಳ್ಳಿಯ ಎರಡು ಚೌಕಟ್ಟುಗಳು. ಅಗ್ಗದ ನಕಲಿಯನ್ನು ಸತುವಿನ ಮಿಶ್ರಲೋಹದಿಂದ ಒಂದೇ ಎರಕದಲ್ಲಿ ಹೊಯ್ದಿರುತ್ತಾರೆ, ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಈ ಪದಕಕ್ಕೆ ಅಂಟಿತು. ಅಂಚಿನಲ್ಲಿ ಬೆಸುಗೆಯ ಗೆರೆ ಕಂಡಿತು. ಎಕ್ಸ್‌ಆರ್‌ಎಫ್, ಅಂದರೆ ಎಕ್ಸ್-ಕಿರಣ ಹಾಯಿಸಿ ಯಾವ ಯಾವ ಮೂಲವಸ್ತು ಎಷ್ಟಿದೆ ಎಂದು ತಿಳಿಸುವ ಉಪಕರಣ, ಚೌಕಟ್ಟಿನಲ್ಲಿ ನೂರಕ್ಕೆ ಎಂಬತ್ತು ಭಾಗ ಬೆಳ್ಳಿಯಿದೆ ಎಂದಿತು. ಇರಬೇಕಾದದ್ದೂ ಅಷ್ಟೇ.

ಆದರೆ ತುಕ್ಕು ಹೊಸದಾಗಿತ್ತು. ನೂರು ವರ್ಷದ ತುಕ್ಕು ಕಡುಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂತಿರುತ್ತದೆ. ಪದಕಗಳಲ್ಲಿ ಕಿತ್ತಳೆ ತುಕ್ಕು ಹೆಚ್ಚಾಗಿ ಬರುವುದು ಹಳೆಯದಾಗಿ ಕಾಣಲೆಂದು ಆಮ್ಲದಲ್ಲಿ ಅದ್ದಿದಾಗ. ಚೌಕಟ್ಟಿನ ಅಂಚಿಗಿದ್ದ ಸಣ್ಣ ಮಣಿಯಂಥ ಉಬ್ಬುಗಳ ಸಂದಿಯಲ್ಲಿ ಬಿಳಿ ಪುಡಿಯೂ ಇತ್ತು. ಉಪಕರಣ ಅದರಲ್ಲಿ ಕ್ಯಾಲ್ಸಿಯಂ ತೋರಿಸಿತು. ಪ್ಲಾಸ್ಟರ್ ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗಳಲ್ಲಿ ಇಂಥ ಪುಡಿ ಉಳಿದಿರುವುದನ್ನು ನಾನು ಹಿಂದೆ ಎರಡು ಬಾರಿ ಕಂಡಿದ್ದೆ. ಜಾಣ ನಕಲಿಗಾರ ನಿಜವಾದ ಬೆಳ್ಳಿಯನ್ನೇ ಅಚ್ಚಿಗೆ ಹೊಯ್ದು, ಕಬ್ಬಿಣದ ಸುತ್ತ ಬೆಸೆದಿದ್ದಾನೆ ಎಂದು ತೀರ್ಮಾನಿಸಿದೆ. ಶುಕ್ರವಾರ ಮೂರು ಪುಟ ಬರೆದೆ. ಕೊನೆಯ ವಾಕ್ಯ: 'ಕೃತಕವಾಗಿ ಹಳತುಗೊಳಿಸಿದ ಆಧುನಿಕ ನಕಲು.'

ಬರೆದ ದಿನವೇ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಶನಿವಾರ ಬೆಳಿಗ್ಗೆ ಪದಕವನ್ನೂ ಸಹಿಯಿಲ್ಲದ ವರದಿಯನ್ನೂ ತೆಗೆದುಕೊಂಡು ಓಲ್ಡ್ ಬ್ರಿಡ್ಜ್‌ಗೆ ಡ್ರೈವ್ ಮಾಡಿದೆ. ಡಾಕ್ಟರ ಊಟದ ಮೇಜಿನ ಮೇಲೆ ಪದಕ ಇಟ್ಟು, ವರದಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದೆ. ಅಷ್ಟರಲ್ಲಿ ಅವರ ತಾಯಿ ನೀಲವ್ವ ಕುಂಕುಮ ಕೊಡಲು ಬಂದರು. ಎಪ್ಪತ್ತೆಂಟು ವರ್ಷದ ಅವರು ಆಗಸ್ಟ್‌ನಲ್ಲಿ ಧಾರವಾಡದಿಂದ ಬಂದಿದ್ದರು. ಕೈಯಲ್ಲಿದ್ದ ಬೆಳ್ಳಿಯ ಕುಂಕುಮದ ಬಟ್ಟಲು ಥಳಥಳಿಸುತ್ತಿತ್ತು. ಅದರ ಅಂಚಿನ ಬಳ್ಳಿ ಕೆತ್ತನೆಯ ಸಂದಿಗಳಲ್ಲಿ ಬಿಳಿ ಪುಡಿ ಕೂತಿತ್ತು.

ಕುಂಕುಮ ಇಟ್ಟುಕೊಳ್ಳದೆ ಅದನ್ನೇ ನೋಡುತ್ತಾ ಕೇಳಿದೆ: "ಇದನ್ನ ಏನು ಹಾಕಿ ಬೆಳಗ್ತೀರಮ್ಮ?"

"ವಿಭೂತಿ. ಬೆಳ್ಳಿಗೆ ಬ್ಯಾರೆ ಏನೂ ಹಚ್ಚಂಗಿಲ್ಲ ನಾವು." ಅವರ ಕಣ್ಣು ಮೇಜಿನ ಮೇಲಿನ ಪದಕಕ್ಕೆ ಹೋಯಿತು. "ಅದು ಭಾಳ ಕಾಡಿಸ್ತು ನೋಡವಾ. ನಟ್ಟನಡುವ ಕರೇ ಕಿಲುಬು. ಎರಡು ದಿನ ಹುಣಸಿಹಣ್ಣಾಗ ನೆನಸಿಟ್ಟು, ಉಪ್ಪು ಹಾಕಿ ತಿಕ್ಕಿದ ಮ್ಯಾಲೆ ಬಿಡ್ತು. ಆಮ್ಯಾಲೆ ಅಂಚಿನ ಬೆಳ್ಳಿಗೆ ಇದ ವಿಭೂತಿ ಹಚ್ಚಿ ಬೆಳಗಿದೆ."

ಡಾಕ್ಟರು ಚಹಾದ ಕಪ್ ಕೆಳಗಿಟ್ಟರು. "ಅವ್ವಾ, ಅದು ಪೂಜಿ ಸಾಮಾನಲ್ಲ."

"ಶಿಲುಬಿ ಐತಲ್ಲೋ. ಯಾರ ದೇವರಾದ್ರೇನು, ಹಬ್ಬಕ್ಕ ಹೊಲಸು ಇಡಬೇಕೇನು?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

ಅವರ ಮಾತನ್ನು ಕೇಳಿದ ಮಾತ್ರಕ್ಕೆ ವರದಿ ಬದಲಿಸುವಂತಿರಲಿಲ್ಲ. ಒಂದು ಚಿಟಿಕೆ ವಿಭೂತಿಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು, ಪದಕದೊಂದಿಗೆ ಪ್ರಯೋಗಾಲಯಕ್ಕೆ ಮರಳಿದೆ. ಪ್ಲಾಸ್ಟರ್ ಆಗಿದ್ದರೆ ಕ್ಯಾಲ್ಸಿಯಂ ಜೊತೆ ಹೆಚ್ಚುಕಡಿಮೆ ಅಷ್ಟೇ ಗಂಧಕವೂ ಇರಬೇಕು. ವಿಭೂತಿಯಲ್ಲಿ ಗಂಧಕ ಬಹಳ ಕಡಿಮೆ ಇತ್ತು. ಬೂದಿಯಲ್ಲಿರುವ ಪೊಟ್ಯಾಸಿಯಂ ಕಂಡಿತು. ಪದಕದ ಪುಡಿಯಲ್ಲೂ ಹಾಗೆಯೇ. ಆ ಅಂಕಿಗಳು ಶುಕ್ರವಾರವೇ ನನ್ನ ಮುಂದಿನ ಹಾಳೆಯಲ್ಲಿ ಅಚ್ಚಾಗಿದ್ದವು. ಪ್ಲಾಸ್ಟರ್ ಎಂದು ಮನಸ್ಸಿನಲ್ಲೇ ನಿರ್ಧರಿಸಿದ್ದ ನಾನು ಕೆಳಗಿನ ಸಾಲುಗಳನ್ನು ಓದಿರಲಿಲ್ಲ.

ಡಾಕ್ಟರ ಫೋನಿನಲ್ಲಿ ಪದಕ ಕೊಂಡ ದಿನದ ಫೋಟೊ ಇತ್ತು, ಅದನ್ನು ಕಳಿಸಲು ಹೇಳಿದೆ. ಅದರಲ್ಲಿ ಕಪ್ಪು ಬಣ್ಣ ಪೂರ್ತಿಯಾಗಿದೆ, ಎಡ ತೋಳಿನ ಅಂಚಿನಲ್ಲಿ ಸಣ್ಣ ತಗ್ಗಿದೆ. ಅದೇ ತಗ್ಗು ಸೂಕ್ಷ್ಮದರ್ಶಕದಡಿ ಅದೇ ಜಾಗದಲ್ಲಿ ಕಂಡಿತು. ಸಂಜೆ ನಾಲ್ಕರ ಹೊತ್ತಿಗೆ ಹೊಸ ವರದಿ ಬರೆದೆ: ರಚನೆ, ಬೆಳ್ಳಿ, ಕಬ್ಬಿಣ ಮೂರೂ ಆ ಕಾಲದ ಅಸಲಿ ಪದಕಕ್ಕೆ ಹೊಂದುತ್ತವೆ, ಬಣ್ಣ ಹೋಗಿರುವುದು ಮತ್ತು ತುಕ್ಕು, ಇತ್ತೀಚೆಗೆ ಮನೆಯಲ್ಲಿ ತೊಳೆದ ಪರಿಣಾಮ. ಈ ಒಂದು ಸಲ ನನ್ನ ಅಭ್ಯಾಸ ಮುರಿದು ಅಂದೇ ಸಹಿ ಹಾಕಿದೆ.

ಭಾನುವಾರ ನಾನೂ ಕ್ಲಬ್ಬಿಗೆ ಹೋದೆ. ವಾಲ್ಟರ್ ಟೇಬಲ್ ಮೇಲೆ ಏನನ್ನೂ ಹರಡಿರಲಿಲ್ಲ. ಕೋಟು ಹಾಕಿಕೊಂಡೇ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಒಂದು ಹಳೆಯ ಫೋಟೊ: ಸಮವಸ್ತ್ರದಲ್ಲಿರುವ ಯುವಕ, ಗುಂಡಿಯ ಕಾಜಿನಲ್ಲಿ ಆ ಪದಕದ ರಿಬ್ಬನ್. ಸಾಕ್ಷಿಗೆಂದು ತಂದಿದ್ದರು. ಡಾಕ್ಟರು ಎಲ್ಲರೂ ಕೇಳುವಂತೆ ಕ್ಷಮೆ ಕೇಳಿ, ಹುಣಸೆಹಣ್ಣಿನಿಂದ ಹಿಡಿದು ನಡೆದದ್ದೆಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ವಾಲ್ಟರ್ ಫೋಟೊವನ್ನು ಮೆಲ್ಲಗೆ ಚೀಲದಲ್ಲಿಟ್ಟರು. ಈ ಪದಕವನ್ನು ತಮ್ಮ ಅಜ್ಜಿ, ಮನೆಯ ಯಾವ ಹೆಂಗಸಿಗೂ ಮುಟ್ಟಗೊಡುತ್ತಿರಲಿಲ್ಲ, ಯಾಕೆಂದು ಇವತ್ತು ಗೊತ್ತಾಯಿತು ಎಂದರು. ಸುತ್ತ ನಿಂತವರು ನಕ್ಕರು. ವಾಲ್ಟರ್ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಪೆಟ್ಟಿಗೆ ತೆರೆದು ಪದಕಗಳನ್ನು ಒಂದೊಂದಾಗಿ ಜೋಡಿಸತೊಡಗಿದರು.

ವಸ್ತುವೊಂದನ್ನು ನಕಲಿ ಎಂದು ಬರೆದಾಗ ಅದನ್ನು ಕೊಟ್ಟವರ ಬಗ್ಗೆಯೂ ಬರೆದಂತಾಗುತ್ತದೆ ಎಂಬುದು ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ ಮೇಲೆ ನನಗೆ ತಿಳಿಯಿತು. ಉಳಿದ ಏಳು ತಿಂಗಳೂ ಪದಕ ತಂದವರನ್ನು ನಾನು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಮನೆಯಲ್ಲಿ ಇದನ್ನು ಕೊನೆಯ ಸಲ ತೊಳೆದವರು ಯಾರು, ಯಾವುದರಿಂದ?