ಬೈಯದ ಭಾಷೆ

ನನ್ನ ಭಾವ, ಅಂದರೆ ಅಕ್ಕನ ಗಂಡ, ಒಂದು ಭಾಷೆ ಹುಟ್ಟಿಸಿದವರು. ಹೀಗೆಂದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿದು ನನ್ನ ಮುಖ ನೋಡುತ್ತಾರೆ. ಮನುಷ್ಯರು ಆಡುವ ಭಾಷೆಯಲ್ಲ, ಬಟ್ಟೆ ಒಗೆಯುವ ಮಷೀನಿಗೆ ಕೆಲಸ ಹೇಳುವ ಭಾಷೆ ಎಂದು ಬಿಡಿಸಿ ಹೇಳಿದರೆ ಇನ್ನೊಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಭಾವ ಇದ್ದದ್ದು ಒಂದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟು, ಟವೆಲ್ಲು, ದಿಂಬಿನ ಚೀಲಗಳು ಬೆಳಿಗ್ಗೆ ಗಾಡಿಯಲ್ಲಿ ಬಂದು ಬೀಳುತ್ತಿದ್ದವು. ಉದ್ದನೆಯ ಹಾಲ್, ಒಂದು ಗೋಡೆಗೆ ಸಾಲಾಗಿ ಮನುಷ್ಯ ನಿಲ್ಲುವಷ್ಟು ದೊಡ್ಡ ಮಷೀನುಗಳು, ಇನ್ನೊಂದು ಗೋಡೆಗೆ ಇಸ್ತ್ರಿ ಮೇಜುಗಳು, ನಡುವೆ ಯಾವಾಗಲೂ ಒದ್ದೆಯಾಗಿರುವ ನೆಲ. ಆ ಹಬೆಯಲ್ಲಿ ಭಾವನ ಕನ್ನಡಕ ಸದಾ ಮಂಜಾಗಿರುತ್ತಿತ್ತು. ಮಂಜು ಒರೆಸಿಕೊಂಡು ನೋಡುವ ಅಭ್ಯಾಸ ಅವರಿಗೆ ಇರಲಿಲ್ಲ. ಕಾಣದಿದ್ದದ್ದನ್ನು ಬಿಟ್ಟು ಕಂಡದ್ದನ್ನು ನೋಡಿಕೊಂಡು ಇರುವ ಮನುಷ್ಯ.

ಅವರು ಕೆಲಸಕ್ಕೆ ಸೇರಿದಾಗ ಆ ಮಷೀನುಗಳಿಗೆ ಒಂದು ಕೆಂಪು ದೀಪ, ಒಂದು ಹಾರ್ನು ಇತ್ತಂತೆ. ಯಾರಾದರೂ ತಪ್ಪು ಗುಂಡಿ ಒತ್ತಿದರೆ ದೀಪ ಹೊತ್ತಿ ಹಾರ್ನು ಬಡಿದುಕೊಳ್ಳುತ್ತಿತ್ತು. ಅಲ್ಲಿದ್ದವರೆಲ್ಲ ತಿರುಗಿ ನೋಡಿ ನಗುತ್ತಿದ್ದರು. ಮಷೀನುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಆಗಿನ್ನೂ ಹೊಸಬ, ಅವನ ಕೈಯಲ್ಲೇ ಅದು ಹೆಚ್ಚು ಬಡಿದುಕೊಳ್ಳುತ್ತಿತ್ತು. ಒಂದೇ ವಾರದಲ್ಲಿ ಅವನಿಗೆ ‘ಹಾರ್ನು’ ಎಂದೇ ಹೆಸರು ಬಿತ್ತು. ಅವನು ಊಟದ ಹೊತ್ತಿನಲ್ಲಿ ಬಟ್ಟೆ ತುಂಬಿದ ಚೀಲಗಳ ಹಿಂದೆ ಹೋಗಿ ಒಬ್ಬನೇ ಕೂರುವುದನ್ನು ಭಾವ ನೋಡಿದರು. ಭಾವ ಸ್ವತಃ ಹಿಂದಿನ ಆಫೀಸಿನಲ್ಲಿ ಕಂಪ್ಯೂಟರಿನಿಂದ ಬೈಸಿಕೊಂಡು ಬಂದವರು. ಎಲ್ಲೋ ಒಂದು ಚುಕ್ಕೆ ಬಿಟ್ಟರೆ ಅದು ಪುಟಗಟ್ಟಲೆ ತಪ್ಪು, ತಪ್ಪು, ತಪ್ಪು ಎಂದು ಅಚ್ಚು ಹಾಕುತ್ತಿತ್ತು. ಅಲ್ಲಿನ ಹಿರಿಯನೊಬ್ಬ ಆ ಪುಟಗಳನ್ನು ಗೋಡೆಗೆ ಅಂಟಿಸುತ್ತಿದ್ದ.

ಹಾಗಾಗಿ ಭಾವ ಒಂದು ಭಾಷೆ ಕಟ್ಟಿದರು. ಹೆಸರು ‘ಒಗೆತ’. ಗುಂಡಿಗಳ ಬದಲು ಒಂದು ಪರದೆ, ಒಂದು ಕೀಲಿಮಣೆ. ‘ಬಿಸಿನೀರು ತುಂಬು’ ಎಂದು ಬರೆದರೆ ಮಷೀನು ಬಿಸಿನೀರು ತುಂಬುವುದು, ‘ಸೋಪು ಹಾಕು’ ಎಂದರೆ ಸೋಪು ಹಾಕುವುದು. ಜಾಲಾಡು, ಹಿಂಡು, ನೀರು ಬಿಡು. ಅಷ್ಟೇ. ಕೆಂಪು ದೀಪ ಕಿತ್ತು ಹಾಕಿದರು. ಬರೆದದ್ದನ್ನು ಓದಿಕೊಂಡೆ ಎನ್ನುವುದಕ್ಕೆ ಒಂದು ಹಸಿರು ದೀಪ ಮಾತ್ರ ಉಳಿಯಿತು.

ನಾನು ಪತ್ರಿಕೆಗಳಿಗೆ ಹಾಸ್ಯ ಬರೆಯುವವನು. ನನ್ನ ಮನೆಯವರನ್ನು ಬಿಟ್ಟರೆ ಬೇರೆ ಯಾರಿಗೂ ಅದು ಗಂಭೀರ ವಿಷಯವಲ್ಲ. ಭಾನುವಾರ ಅಕ್ಕನ ಮನೆಗೆ ಹೋದಾಗ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ಭಾವನಿಗೆ ಪ್ರಶ್ನೆ ಹಾಕುವುದು ನನ್ನ ಚಟ. ಎಲ್ಲರೂ ಕೇಳುವ ಪ್ರಶ್ನೆಗಳನ್ನೇ ಕೇಳುತ್ತಿದ್ದೆ, ಹೊಸದು ಕೇಳುವಷ್ಟು ನನಗೆ ತಿಳಿಯದು.

‘ಅಲ್ಲ ಭಾವ, ಕಂಪ್ಯೂಟರಿಗೆ ಇಷ್ಟೊಂದು ಭಾಷೆ ಯಾಕೆ? ಒಂದು ಸಾಲದಾ?’

‘ಒಬ್ಬನಿಗೆ ಇನ್ನೊಬ್ಬನ ಭಾಷೆ ನೋಡಿ ಮೈ ಉರಿಯುತ್ತೆ. ಇವನು ಕೂತು ಹೊಸದು ಮಾಡ್ತಾನೆ. ಅದನ್ನ ನೋಡಿ ಮತ್ತೊಬ್ಬನಿಗೆ ಉರಿಯುತ್ತೆ. ಹಾಗೆ ಬೆಳೀತಾ ಹೋಗಿದೆ.’

‘ಅದರಲ್ಲಿ ಯಾವುದು ಒಳ್ಳೇದು?’

‘ನಿಮ್ಮಕ್ಕನ ಅಡುಗೆಮನೇಲಿ ಯಾವ ಚಾಕು ಒಳ್ಳೇದು ಅಂತ ಕೇಳಿ ನೋಡು.’

‘ಎಲ್ಲಾ ಮೊಂಡು,’ ಎಂದಳು ಅಕ್ಕ ಒಳಗಿನಿಂದ. ‘ಸಾಣೆ ಹಿಡಿಸಿ ಅಂತ ಹೇಳಿ ಎಷ್ಟು ದಿನ ಆಯ್ತು, ಕೇಳು ಅವರನ್ನ.’

ಭಾವ ತಲೆಯಾಡಿಸಿದರು. ಹೀಗೆ ತಲೆಯಾಡಿಸುವುದು ಅವರ ಸ್ವಭಾವ. ಕೇಳಿಸಿತೋ ಇಲ್ಲವೋ, ಒಪ್ಪಿದರೋ ಇಲ್ಲವೋ, ತಲೆ ಮಾತ್ರ ಅಲ್ಲಾಡುತ್ತಿತ್ತು.

‘ಈ ಭಾಷೆಗಳೆಲ್ಲ ಸೊನ್ನೆಯಿಂದ ಎಣಿಸೋಕೆ ಶುರು ಮಾಡ್ತಾವಂತಲ್ಲ, ಅದ್ಯಾವ ಸೀಮೆ ಲೆಕ್ಕ?’

‘ನೀನು ಬಾಗಿಲಲ್ಲಿ ನಿಂತಿದ್ದಾಗ ಎಷ್ಟು ಹೆಜ್ಜೆ ಇಟ್ಟಿರ್ತೀಯ? ಸೊನ್ನೆ. ಮಷೀನಿಗೆ ಅದು ಎಲ್ಲಿ ನಿಂತಿದೆ ಅನ್ನೋದು ಮುಖ್ಯ, ಎಷ್ಟನೇದು ಅನ್ನೋದಲ್ಲ. ನನ್ನ ಒಗೆತದಲ್ಲಿ ಮಾತ್ರ ಒಂದರಿಂದಲೇ. ಮೊದಲನೇ ಸಲ ಜಾಲಾಡೋದನ್ನ ಸೊನ್ನೆನೇ ಸಲ ಅಂದ್ರೆ ಮೇಸ್ತ್ರಿ ನನ್ನನ್ನೇ ಮಷೀನಿಗೆ ಹಾಕ್ತಾನೆ.’

‘ಮತ್ತೆ ನಾವು ಮಾತಾಡೋ ಹಾಗೇ ಬರೆದುಬಿಟ್ರೆ ಆಗಲ್ವಾ?’

ಈ ಪ್ರಶ್ನೆಗೆ ಭಾವ ಕಾಫಿ ಲೋಟ ಕೆಳಗಿಟ್ಟರು. ‘ಎಲ್ಲರೂ ಅದನ್ನೇ ಕೇಳ್ತಾರೆ. ಬರೀಬಹುದು. ಅರ್ಥ ಆಗದೇ ಇದ್ದಾಗ ಮಷೀನು ಏನು ಮಾಡಬೇಕು, ಅದೊಂದೇ ಕಷ್ಟ. ಬೇರೆ ಭಾಷೆಗಳು ನಿಂತು ಬೈತಾವೆ. ನನ್ನದು ಬೈಯಲ್ಲ. ಗೊತ್ತಿಲ್ಲದ ಸಾಲನ್ನ ಬಿಟ್ಟು ಮುಂದಿನ ಸಾಲಿಗೆ ಹೋಗುತ್ತೆ.’

ನನಗೆ ಅದು ಬಹಳ ಸಭ್ಯವಾಗಿ ಕಂಡಿತು. ಜಗತ್ತಿನಲ್ಲಿ ಬೈಯದೆ ಕೆಲಸ ಮಾಡುವ ಒಂದಾದರೂ ವಸ್ತು ಇದೆಯಲ್ಲ ಎಂದು ಆ ವಾರದ ಲೇಖನದಲ್ಲಿ ಬರೆದೂ ಬಿಟ್ಟೆ.

ವರ್ಷಗಳು ಹೋದವು. ಮೇಸ್ತ್ರಿಯ ಹೆಸರಿನಿಂದ ಹಾರ್ನು ಉದುರಿಹೋಯಿತು. ಅಲ್ಲಿ ಕೆಲಸ ಮಾಡುವವರೆಲ್ಲ ಒಗೆತದಲ್ಲಿ ಬರೆಯಲು ಕಲಿತರು. ಭಾವ ನಿವೃತ್ತಿಯ ಹತ್ತಿರ ಬಂದರು. ಆಗ ಲಾಂಡ್ರಿಯ ಯಜಮಾನರು ಇನ್ನೊಂದು ಶಾಖೆ ತೆರೆಯುವ ಮಾತೆತ್ತಿದರು. ಅಲ್ಲಿ ಹೊಸ ಮಷೀನು ಬರುತ್ತದೆ, ಅದಕ್ಕೆ ಒಗೆತ ಹಾಕುವುದೋ, ಮಷೀನಿನ ಜೊತೆ ಬರುವ ಅವರದೇ ಭಾಷೆ ಇಟ್ಟುಕೊಳ್ಳುವುದೋ ಎಂದು ಪ್ರಶ್ನೆ ಎದ್ದಿತು. ಅಲ್ಲಿ ಹಾಕಿದರೆ ಒಗೆತ ಭಾವನ ನಂತರವೂ ಉಳಿಯುತ್ತದೆ. ಇಲ್ಲದಿದ್ದರೆ ಇಲ್ಲಿಂದಲೂ ಹೋಗುತ್ತದೆ, ಎರಡು ಕಡೆ ಎರಡು ಭಾಷೆ ಯಾರು ಸಾಕುತ್ತಾರೆ. ಭಾವ ಎಂದೂ ಏನನ್ನೂ ಬಯಸಿದವರಲ್ಲ. ಅಕ್ಕನ ಪ್ರಕಾರ, ಮದುವೆಯನ್ನೂ. ಇದನ್ನು ಮಾತ್ರ ಬಯಸಿದರು. ಹೊಸ ಅಂಗಿ ಹೊಲಿಸಿಕೊಂಡರು.

ಅದೇ ಹೊತ್ತಿಗೆ ಆಸ್ಪತ್ರೆಯಿಂದ ಬೆಡ್‌ಶೀಟುಗಳು ಕಲೆ ಸಮೇತ ವಾಪಸು ಬರತೊಡಗಿದವು. ಮಷೀನು ಮಾರುವ ಕಂಪನಿಯಿಂದ ಒಬ್ಬ ಇಂಜಿನಿಯರಮ್ಮ ನೋಡಲು ಬರುತ್ತಾರೆ ಎಂದಾಯಿತು. ಭಾವ ನನ್ನನ್ನೂ ಕರೆದರು. ‘ಹೊಸ ಸೋಪಿನ ತಪ್ಪು, ಭಾಷೇದಲ್ಲ. ಅವರ ಬಾಯಿಂದಲೇ ಬರುತ್ತೆ, ಕೇಳಿ ಬರಿ,’ ಎಂದರು.

ಇಂಜಿನಿಯರಮ್ಮ ಜೋರಿನವರಲ್ಲ. ಒದ್ದೆ ನೆಲದಲ್ಲಿ ಜೋಪಾನವಾಗಿ ಹೆಜ್ಜೆಯಿಟ್ಟುಕೊಂಡು ಬಂದು ಪರದೆಯ ಮುಂದೆ ನಿಂತರು. ಆಪರೇಷನ್ ಕೋಣೆಯ ಬಟ್ಟೆಗೆ ಮೇಸ್ತ್ರಿ ಬರೆದ ಸಾಲುಗಳನ್ನು ಓದುತ್ತ ಬಂದವರು ಒಂದು ಕಡೆ ನಿಂತರು.

‘ಕಲೆ ಹೋಗಿದೆಯಾ ನೋಡು, ಹೋಗದಿದ್ದರೆ ಇನ್ನೊಂದು ಸಲ ತೊಳಿ ಅಂತಿದೆ. ಸಾರ್, ಇದು ಹೇಗೆ ನೋಡುತ್ತೆ?’

ಭಾವ ಕನ್ನಡಕ ತೆಗೆದರು. ‘ನೋಡಲ್ಲ. ಅದಕ್ಕೆ ಕಣ್ಣಿಲ್ಲ.’

‘ಮತ್ತೆ ಏನು ಮಾಡುತ್ತೆ?’

‘ಮುಂದಿನ ಸಾಲಿಗೆ ಹೋಗುತ್ತೆ.’

‘ಹೋಗುತ್ತೆ ಅಂದ್ರೆ?’ ಎಂದ ಮೇಸ್ತ್ರಿ. ‘ನಾನು ಇದನ್ನ ಬರೆದು ಎಷ್ಟೋ ವರ್ಷ ಆಯ್ತು ಸಾರ್. ಅದು ಒಪ್ಕೊಂಡಿತ್ತು. ಹಸಿರು ದೀಪ ಬಂತು. ಮೊದಲೆಲ್ಲ ಒಂದೊಂದೂ ಶೀಟು ಬೆಳಕಿಗೆ ಹಿಡಿದು ನಾನೇ ನೋಡ್ತಿದ್ದೆ. ಇನ್ನು ಅದೇ ನೋಡ್ಕೊಳ್ಳುತ್ತಲ್ಲ ಅಂತ ಬಿಟ್ಟೆ.’

 ಅಲ್ಲೇ ನಿಂತಿದ್ದ ಯಜಮಾನರು ಮುಂದೆ ಬಂದು ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದರು: ‘ಯಜಮಾನರಿಗೆ ಕಾಫಿ ತಾ.’ ಹಸಿರು ದೀಪ. ನಾಲ್ಕು ಜನ ನಕ್ಕರು, ಅವರೂ ನಕ್ಕರು. ಮತ್ತೊಂದು ಸಾಲು ಬರೆದರು: ‘ಈ ಶೀಟಿನ ಮೇಲೆ ಮಲಗೋ ರೋಗಿಗೆ ಏನೂ ಆಗದ ಹಾಗೆ ನೋಡ್ಕೋ.’ ಹಸಿರು ದೀಪ. ಈ ಸಲ ಯಾರೂ ನಗಲಿಲ್ಲ.

‘ಭಾಷೆ ಚೆನ್ನಾಗಿದೆ ಸಾರ್,’ ಎಂದರು ಇಂಜಿನಿಯರಮ್ಮ. ಮನಸಾರೆ ಹೇಳಿದರು, ಅದೇ ಹೆಚ್ಚು ನೋಯಿಸಿತು. ‘ತಿಳೀಲಿಲ್ಲ ಅಂತ ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತು.’

ಯಜಮಾನರು ಕೆಟ್ಟವರಲ್ಲ. ಸರಿ ಮಾಡಿ ತೋರಿಸಿ, ಆಮೇಲೆ ನೋಡೋಣ ಎಂದರು. ಭಾವ ಮನೆಗೆ ಬಂದು ಊಟದ ಮೇಜಿನ ಮೇಲೆ ಕಂಪ್ಯೂಟರು ಇಟ್ಟುಕೊಂಡು ಕೂತರು. ತಿದ್ದುವ ಕೆಲಸ ಬೇಗ ಮುಗಿಯಿತು, ಆದರೆ ಯಾವ ಮಾತಿನಲ್ಲಿ ಹೇಳಿಸಬೇಕು ಎನ್ನುವುದು ಬಗೆಹರಿಯಲಿಲ್ಲ.

‘ತಪ್ಪು ಅಂತ ಬೇಡ. ಅರ್ಥವಾಗಲಿಲ್ಲ ಅಂದ್ರೆ ಬರೆದವನು ದಡ್ಡ ಅಂದ ಹಾಗಾಗುತ್ತೆ. ಕ್ಷಮಿಸಿ, ಈ ಸಾಲು ನನಗೆ ತಿಳಿಯಲಿಲ್ಲ. ಹೀಗಂದ್ರೆ ಹೇಗೆ?’ ಎಂದರು.

‘ಇಷ್ಟು ಹೇಳೋದಕ್ಕೆ ಏನು ಧಾಡಿಯಾಗಿತ್ತು ಇಷ್ಟು ವರ್ಷ?’ ಎಂದಳು ಅಕ್ಕ, ತಟ್ಟೆ ಒರೆಸುತ್ತ. ‘ನಾನೂ ಮದುವೆ ಆದಾಗಿಂದ ಹೇಳ್ತಾನೇ ಇದೀನಿ, ಇವರು ತಲೆ ಆಡಿಸ್ತಾನೇ ಇದಾರೆ. ಯಾವುದು ಒಳಗೆ ಹೋಯ್ತು, ಯಾವುದು ಹಾರಿ ಹೋಯ್ತು, ಆ ದೇವರಿಗೇ ಗೊತ್ತು. ತಿಳೀಲಿಲ್ಲ ಕಣೇ ಅಂತ ಒಂದು ದಿನ ಅಂದಿದ್ರೆ ಇನ್ನೊಂದು ಸಲ ಹೇಳ್ತಿದ್ದೆ.’

ಭಾವ ತಲೆಯಾಡಿಸಹೋಗಿ ಅರ್ಧಕ್ಕೆ ನಿಲ್ಲಿಸಿದರು. ಏನಾದರೂ ಅನ್ನುತ್ತಾರೆಂದು ಅಕ್ಕ ಬಟ್ಟೆ ಹಿಡಿದು ಕಾದಳು. ಭಾವ ಪರದೆಯ ಕಡೆ ತಿರುಗಿದರು.

ಹೊಸ ಒಗೆತ ಹಾಕುವ ದಿನವೂ ನಾನು ಹೋಗಿದ್ದೆ. ಮೊದಲನೆಯ ಮಷೀನು ನೀರು ತುಂಬಿ, ಸೋಪು ಹಾಕಿ, ನಿಂತಿತು. ‘ಕ್ಷಮಿಸಿ, ಈ ಸಾಲು ನನಗೆ ತಿಳಿಯಲಿಲ್ಲ: ಇದು ಮಕ್ಕಳ ವಾರ್ಡಿನದು, ಮೆತ್ತಗೆ.’ ಎರಡನೆಯದೂ ನಿಂತಿತು: ‘ಈ ಹೋಟೆಲಿನವರು ಗಲಾಟೆ ಜನ, ಹುಷಾರು.’ ಮೂರನೆಯದು: ‘ಮೊನ್ನೆ ಮಾಡಿದ ಹಾಗೇ ಮಾಡು, ಚೆನ್ನಾಗಿತ್ತು.’ ಗೋಡೆಯುದ್ದಕ್ಕೂ ಕೊನೆಯ ಮಷೀನಿನವರೆಗೆ ಒಂದೂ ಮುಂದೆ ಹೋಗಲಿಲ್ಲ. ಭಾವ ಪರದೆಯಿಂದ ಪರದೆಗೆ ನಡೆದರು. ಇವನ್ನು ಅವರು ಓದುತ್ತಿದ್ದದ್ದು ಅದೇ ಮೊದಲ ಸಲ. ದೂರು ಬರದ ಭಾಷೆಯನ್ನು ಯಾರು ತೆಗೆದು ಓದುತ್ತಾರೆ? ಎದುರಿಗಿರುವುದು ಬೈಯುವುದಿಲ್ಲ ಎಂದಾದಮೇಲೆ ಅಲ್ಲಿನ ಜನ ಅದರ ಜೊತೆ ವರ್ಷಗಟ್ಟಲೆ ಮಾತಾಡಿಕೊಂಡು ಬಂದಿದ್ದರು.

ಮಧ್ಯಾಹ್ನದ ಹೊತ್ತಿಗೆ ಮಷೀನುಗಳಿಂದ ಎಳೆದು ಹಾಕಿದ ಒದ್ದೆ ಬಟ್ಟೆ ಸೊಂಟದೆತ್ತರ ರಾಶಿ ಬಿತ್ತು. ಇಸ್ತ್ರಿಯವರು ಕೈಕಟ್ಟಿ ಕೂತರು.

‘ಸಾರ್,’ ಎಂದ ಮೇಸ್ತ್ರಿ, ‘ಮೊದಲಿನ ಹಾಗೇ ಮಾಡಿಬಿಡಿ. ಸಾಲಕ್ಕೆ ಬಂದವನ ಹಾಗೆ ಕ್ಷಮಿಸಿ ಕ್ಷಮಿಸಿ ಅನ್ನುತ್ತೆ, ಕೆಲಸ ಮಾತ್ರ ಮಾಡಲ್ಲ.’

‘ಮೊದಲೂ ಅದು ಮಾಡ್ತಿರಲಿಲ್ಲ ಮೇಸ್ತ್ರಿ.’

‘ಗೊತ್ತಿರಲಿಲ್ಲವಲ್ಲ ಸಾರ್.’

ಆಗ ನಾನು ಬಾಲ್ಕನಿಯಲ್ಲಿ ಕೇಳದೆ ಬಿಟ್ಟಿದ್ದ ಒಂದು ಪ್ರಶ್ನೆ ಕೇಳಿದೆ: ಒಂದು ಸಲ ಕಟ್ಟಿದ ಭಾಷೆಯನ್ನು ಆಮೇಲೆ ತಿದ್ದಲು ಆಗುವುದಿಲ್ಲವೇ? ಭಾವ ಒದ್ದೆ ಬಟ್ಟೆಯ ಗುಡ್ಡೆ ನೋಡುತ್ತ ಹೇಳಿದರು. ‘ಭಾಷೇನ ತಿದ್ದಬಹುದು. ಅದರಲ್ಲಿ ಬರೆದವರನ್ನ ಹೇಗೆ ತಿದ್ದೋದು?’

ಸಂಜೆಗೆ ಹಳೆಯದನ್ನೇ ವಾಪಸು ಹಾಕಿದರು. ಮಷೀನುಗಳು ಹಸಿರು ದೀಪ ತೋರಿಸಿ ಎಲ್ಲವನ್ನೂ ಒಪ್ಪಿಕೊಂಡು ತಿರುಗಿದವು. ಮೇಸ್ತ್ರಿ ಮಾತ್ರ ಶೀಟುಗಳನ್ನು ಮತ್ತೆ ಬೆಳಕಿಗೆ ಹಿಡಿದು ನೋಡಲು ನಿಂತ. ಯಜಮಾನರು ಆ ವಾರವೇ ಹೊಸ ಮಷೀನುಗಳಿಗೆ ಒಪ್ಪಂದ ಮಾಡಿದರು, ಎರಡೂ ಕಡೆಗೆ.

ಈಗ ಅಲ್ಲಿ ಬರೆಯುವ ಗೋಜಿಲ್ಲ. ಪರದೆಯ ಮೇಲೆ ಚಿತ್ರಗಳಿವೆ, ಬೆರಳಿಟ್ಟರಾಯಿತು. ತಪ್ಪು ಚಿತ್ರ ಒತ್ತಿದರೆ ಕುಂಯ್ ಎನ್ನುತ್ತದೆ. ಯಾರೂ ತಿರುಗಿ ನೋಡುವುದಿಲ್ಲ, ದಿನಕ್ಕೆ ಅಷ್ಟು ಸಲ ಕುಂಯ್ ಎನ್ನುತ್ತದೆ. ಮಕ್ಕಳ ವಾರ್ಡಿಗೆ ಚಿತ್ರವಿಲ್ಲ. ನಿವೃತ್ತಿಯವರೆಗೆ ಭಾವನನ್ನು ಬಾಗಿಲ ಬಳಿ ಚೀಲ ಇಳಿಸಿಕೊಳ್ಳುವ ಮೇಜಿಗೆ ಕೂರಿಸಿದ್ದರು. ಅಲ್ಲಿ ಹಬೆ ಇರಲಿಲ್ಲ. ಕನ್ನಡಕ ಪೂರ್ತಿ ತಿಳಿಯಾಗಿತ್ತು, ಅದರಿಂದ ಅವರಿಗೆ ಏನೂ ಪ್ರಯೋಜನವಾದಂತೆ ಕಾಣಲಿಲ್ಲ.

ಹೋದ ಭಾನುವಾರ ಬಾಲ್ಕನಿಯಲ್ಲಿ ಕೂತಿದ್ದೆವು. ಏನಾದರೂ ಹೇಳಿ ನಗಿಸುವುದು ನನ್ನ ಕಸುಬು. 

‘ಇನ್ನೊಂದು ಭಾಷೆ ಮಾಡಿ ಭಾವ,’ ಎಂದೆ. ‘ಈ ಸಲ ಬೈಯೋ ಅಂಥದ್ದು. ಈಗ ಬೇಕಾದಷ್ಟು ಹೊತ್ತಿದೆಯಲ್ಲ.’

ಭಾವ ತಲೆಯಾಡಿಸಿದರು.

ಒಳಗಿನಿಂದ ಅಕ್ಕ ಇಣುಕಿ ಅವರನ್ನು ನೋಡಿ, ನನ್ನನ್ನು ನೋಡಿ, ಕಾಫಿ ಇನ್ನೊಂದು ಲೋಟ ಬೇಕಾ ಎಂದು ಕೇಳಿದಳು. ಭಾವ ಅದಕ್ಕೂ ತಲೆಯಾಡಿಸಿದರು. ಅಕ್ಕ ತಂದಿಟ್ಟಳು. ಅದು ಅವರ ಮುಂದೆ ಆರುತ್ತ ಕೂತಿತ್ತು.