ಮಾದೇವಿ ಮಗನನ್ನು ತೋರಿಸಿದ್ದು

ಸವಣೂರಿನ ದಸ್ತಗೀರಸಾಬರ ಖಾರದ ಅಂಗಡಿಯ ಹಿಂದುಗಡೆ, ಎಣ್ಣೆ ಕಾಯುವ ಒಲೆಯಿಂದ ಸ್ವಲ್ಪ ದೂರದಲ್ಲಿ ಇಬ್ಬರು ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತಾರೆ. ಒಬ್ಬಳು ಮಾದೇವಿ. ಕರಿದ ಶೇವು-ಖಾರವನ್ನು ತೂಗಿ ಚೀಲಕ್ಕೆ ತುಂಬಿ ಬಾಯಿ ಮುಚ್ಚುವುದು ಅವಳ ಕೆಲಸ. ಇನ್ನೊಬ್ಬ ಅವಳ ಮಗ ಫಕ್ಕೀರೇಶ. ಇಪ್ಪತ್ತೆಂಟು ವರ್ಷದ ಮೀಸೆ ಹೊತ್ತ ಗಂಡಸು, ತಾಯಿಗಿಂತ ಒಂದು ಗೇಣು ಎತ್ತರ. ಅವನು ಅಗಲವಾದ ತಟ್ಟೆಯಂಥ ಪರಾತದಲ್ಲಿ ಶೇಂಗಾ ಹರಡಿಕೊಂಡು, ಕರ್ರಗಾದ ಕಾಳುಗಳನ್ನು ಆರಿಸಿ ಒಂದು ಬದಿಗೆ ಇಡುತ್ತಾನೆ. ಯಾರೂ ಹೇಳಿದ ಕೆಲಸವಲ್ಲ, ಬೇಡ ಅಂದರೆ ಬಿಡುವವನೂ ಅಲ್ಲ. ಆ ಪರಾತವನ್ನು ಯಾರಾದರೂ ಸರಿಸಿದರೋ, ಮುಗಿಯಿತು. ತನ್ನ ಮುಂಗೈಯನ್ನು ತಾನೇ ರಕ್ತ ಬರುವ ಹಾಗೆ ಕಚ್ಚಿಕೊಳ್ಳುತ್ತಾನೆ. ಅದಕ್ಕೇ ದಸ್ತಗೀರಸಾಬರು ಕೆಲಸದವರಿಗೆಲ್ಲ ಆ ಪರಾತ ಮುಟ್ಟಬೇಡಿ ಎಂದು ತಾಕೀತು ಮಾಡಿದ್ದಾರೆ. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯ ಮನುಷ್ಯರನ್ನು ನಂಬಿಕೊಂಡು ಒಬ್ಬನ ಜೀವಮಾನ ಕಳೆಯಲು ಬರುವುದಿಲ್ಲ, ಅವರಿಗೂ ವಯಸ್ಸಾಗುತ್ತದೆ.

ಶಿರಹಟ್ಟಿಯ ಫಕ್ಕೀರಸ್ವಾಮಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗ ಅವನು. ಕೂಸು ತಾಯಿಯ ಮುಖ ನೋಡಲಿಲ್ಲ, ಕರೆದರೆ ತಿರುಗಲಿಲ್ಲ, ಐದು ವರ್ಷವಾದರೂ ಮಾತು ಬರಲಿಲ್ಲ. ಓಣಿಯವರು ಒಬ್ಬರು ಕಿವುಡ ಅಂದರು, ಒಬ್ಬರು ಗಾಳಿ ಅಂದರು, ಸಾಲಿಯ ಮಾಸ್ತರರು ಪೆದ್ದ ಎಂದು ಮನೆಗೆ ಕಳಿಸಿದರು. ಮಾದೇವಿಯ ಅತ್ತೆ ಮಾತ್ರ ಯಾವ ಹೆಸರನ್ನೂ ಇಡಲಿಲ್ಲ. ಮನೆಯ ಮಾತು ಹೊಸ್ತಿಲು ದಾಟಬಾರದು ಎಂದು ಹೇಳಿ, ಬಾಗಿಲು ಮುಂದೆ ಮಾಡಿಕೊಂಡು ಬಿಟ್ಟಳು. ಅಂದಿನಿಂದ ಮುಚ್ಚಿಡುವುದೇ ಮಾದೇವಿಯ ಉದ್ಯೋಗವಾಯಿತು. ಮಗನ ಮುಂಗೈಯ ಗಾಯಕ್ಕೆ ತುಂಬುತೋಳಿನ ಅಂಗಿ. ಕಿರುಚಾಟ ಎದ್ದರೆ ಜೋರಾಗಿ ರೇಡಿಯೋ. ಯಾರಾದರೂ ಕೇಳಿದರೆ ಒಂದೇ ಉತ್ತರ, ಹುಡುಗ ಭಾಳ ಶಾಣ್ಯಾ, ನಾಚಿಕೆ ಸ್ವಭಾವದವನು. ಮಗಳು ಮಾಲಾಳನ್ನು ನೋಡಲು ಬಂಕಾಪುರದ ಬೀಗರು ಬಂದ ದಿನ ಅಣ್ಣನನ್ನು ಹಿರೇಕೆರೂರಿನ ಚಿಕ್ಕವ್ವನ ಮನೆಗೆ ಸಾಗಿಸಲಾಗಿತ್ತು. ಹಿಂಗೊಬ್ಬ ಇದ್ದಾನೆ ಎಂದು ಅಳಿಯ ಸಾಗರನಿಗೆ ಗೊತ್ತಾಗಿದ್ದು ಅಕ್ಷತೆ ಬಿದ್ದ ಮೇಲೆ. ಪುಣ್ಯಕ್ಕೆ ಅಳಿಯ ಹೂಂ ಅಂದನೇ ಹೊರತು ಹಗೆ ಕಟ್ಟಿಕೊಳ್ಳಲಿಲ್ಲ.

ಫಕ್ಕೀರೇಶನಿಗೆ ಮಾತು ಬಂದಿದ್ದು ತಡವಾಗಿ, ಬಂದ ರೀತಿಯೂ ಬೇರೆ. ಅವನದು ಅಂತ ಮಾತಿಲ್ಲ. ಕೇಳಿದ್ದನ್ನು ಕೇಳಿದ ದನಿಯಲ್ಲೇ ತಿರುಗಿ ಅನ್ನುತ್ತಾನೆ. ಸಮಾಧಾನದಿಂದ ಹೇಳಿಕೊಟ್ಟ ಮಾತು ಕಲಿಯಲು ತಿಂಗಳುಗಟ್ಟಲೆ ಬೇಕು, ಅತ್ತು ಹೇಳಿದ ಮಾತು ಒಂದೇ ಸಲಕ್ಕೆ ನಾಟಿಬಿಡುತ್ತದೆ. ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಗಂಡ ಶಿದ್ಲಿಂಗಪ್ಪ ಎದೆನೋವಿನಿಂದ ತೀರಿಕೊಂಡಾಗ ಮಾದೇವಿ ಹೆಣದ ಮುಂದೆ, “ನಮ್ಮನ್ನ ಯಾರ ಕೈಯಾಗ ಕೊಟ್ಟು ಹೊಂಟ್ರಿ” ಎಂದು ಅತ್ತಿದ್ದಳು. ಮುಂದೆ ಒಂದು ವರ್ಷ ಫಕ್ಕೀರೇಶ ಉಣ್ಣುವಾಗ, ಮಲಗುವಾಗ ಅದೇ ಮಾತನ್ನು ಅದೇ ಬಿಕ್ಕಿನೊಂದಿಗೆ ಹೇಳುತ್ತಿದ್ದ. ಗಂಡ ಸತ್ತ ದುಃಖಕ್ಕಿಂತ ಅದನ್ನು ದಿನಾ ಕೇಳುವ ದುಃಖವೇ ದೊಡ್ಡದಾಗಿತ್ತು.

ಇಷ್ಟಾದರೂ ಸರಕಾರದ ಬಾಗಿಲು ಬಡಿಯಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ಅನ್ನಿಸಿದ್ದು ಬಂಕಾಪುರದ ಘಟನೆಯ ಮೇಲೆ. ಮಾದೇವಿ ಒಲೆಯ ಮುಂದೆ ಸಕ್ಕರೆ ಕಾಯಿಲೆಯಿಂದ ತಲೆ ತಿರುಗಿ ಬಿದ್ದ ದಿನ, ಎಲ್ಲರೂ ಅವಳನ್ನು ಎತ್ತುವ ಗಡಿಬಿಡಿಯಲ್ಲಿದ್ದಾಗ ಫಕ್ಕೀರೇಶ ಎದ್ದು ನಡೆದುಬಿಟ್ಟ. ತಂಗಿಯ ಊರಿನ ದಾರಿ ಅವನ ಕಾಲಿಗೆ ಗೊತ್ತಿತ್ತು. ಬಂಕಾಪುರದಲ್ಲಿ ಆಗ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಎಲ್ಲರ ಮೊಬೈಲಿನಲ್ಲೂ ಹರಿದಾಡುತ್ತಿತ್ತು. ಯಾರು ನೀನು, ಹೆಸರೇನು ಎಂದು ಕೇಳಿದರೆ ಇವನು ಅದನ್ನೇ ತಿರುಗಿ ಅಂದ. ಅಣಕಿಸುತ್ತಾನೆ ಎಂದು ಲೈಟಿನ ಕಂಬಕ್ಕೆ ಕಟ್ಟಿ ಬಡಿದರು. ಸಾಗರ ಗುರುತು ಹಿಡಿದು ಓಡಿ ಬರುವ ಹೊತ್ತಿಗೆ ಒಂದು ಹಲ್ಲು ಹೋಗಿತ್ತು. ಇವನ ಜವಾಬ್ದಾರಿ ಯಾರದು ಎಂದು ಪೊಲೀಸರು ಕೇಳಿದರು. ತನ್ನದೇ ಎಂದಳು ಮಾದೇವಿ. ವಯಸ್ಸಿಗೆ ಬಂದವನು, ನಿನ್ನದು ಎನ್ನಲು ಕಾಗದ ಏನಿದೆ ಎಂದರು. ಹೆತ್ತದ್ದಕ್ಕೆ ಕಾಗದ ಕೇಳುತ್ತಾರೆಂದು ಅವಳಿಗೆ ಅಂದೇ ತಿಳಿದದ್ದು.

ಆಮೇಲೆ ಮನೆಗೆ ಬಂದವನು ಮುಸ್ತಾಕ. ಅಂಗವಿಕಲರ ಮನೆಮನೆಗೆ ಹೋಗಿ ಅವರನ್ನು ಕಚೇರಿ, ದವಾಖಾನೆಗಳಿಗೆ ಮುಟ್ಟಿಸುವ ಸರಕಾರದ ಪುನರ್ವಸತಿ ಕಾರ್ಯಕರ್ತ. ಅವನದೇ ಒಂದು ಕಾಲು ಪೋಲಿಯೋದಿಂದ ಸೊರಗಿದೆ. ಮಗನಿಗೆ ಇರುವುದಕ್ಕೆ ಆಟಿಸಂ ಅನ್ನುತ್ತಾರೆ, ಅದು ಗಾಳಿಯೂ ಅಲ್ಲ, ಹುಚ್ಚೂ ಅಲ್ಲ ಎಂದು ಮೊದಲ ಸಲ ಹೇಳಿದವನು ಅವನೇ. ಹದಿನೆಂಟು ದಾಟಿದ ಇಂಥವರಿಗೆ ಕಾನೂನಿನ ಪ್ರಕಾರ ಪೋಷಕರನ್ನು ನೇಮಿಸುವ ಸಮಿತಿ ಜಿಲ್ಲಾಧಿಕಾರಿಯ ಕೈಕೆಳಗೆ ಇದೆ, ನಿನ್ನ ಹಿಂದೆ ಮಾಲಾ ನೋಡಿಕೊಳ್ಳಲಿ ಎಂದರೆ ಅವಳ ಹೆಸರಿಗೆ ಆದೇಶ ಮಾಡಿಕೊಡುತ್ತಾರೆ, ಮಾಸಾಶನವೂ ಬರುತ್ತದೆ ಎಂದ. ಆದರೆ ಎಲ್ಲಕ್ಕೂ ಮೊದಲು ವೈದ್ಯರ ಪ್ರಮಾಣಪತ್ರ ಬೇಕು, ಅದರಲ್ಲಿ ನ್ಯೂನತೆ ಶೇಕಡಾ ನಲವತ್ತಾದರೂ ಇರಬೇಕು. ಮಾದೇವಿ ಕೊನೆಯದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ತಾನು ಕಣ್ಣು ಮುಚ್ಚುವುದರೊಳಗೆ ಮಗನನ್ನು ಮಗಳ ಕೈಗೆ ಕೊಡಬೇಕು, ಅಷ್ಟೇ ಅವಳ ತಲೆಯಲ್ಲಿ ಕೂತಿದ್ದು.

ಹಾನಗಲ್ಲಿನಲ್ಲಿ ತಪಾಸಣೆಯ ಶಿಬಿರ ಎಂದು ಗೊತ್ತಾದಾಗಿನಿಂದ ಅವಳು ತಯಾರಿ ನಡೆಸಿದಳು. ಬಂಕಾಪುರದ ಪೆಟ್ಟು ಮತ್ತೆ ಬೀಳಬಾರದೆಂದು ಹೆಸರು ಕಲಿಸುವುದನ್ನು ಮೊದಲೇ ಶುರು ಮಾಡಿದ್ದಳು. ದಿನಾ ಮಧ್ಯಾಹ್ನ ಅಂಗಡಿಯ ಹಿಂದೆ ಮಂಡಕ್ಕಿ ಮುಂದಿಟ್ಟುಕೊಂಡು ಪ್ರಶ್ನೆಯನ್ನೂ ತಾನೇ ಕೇಳಿ, ಉತ್ತರವನ್ನೂ ತಾನೇ ಹೇಳುತ್ತಿದ್ದಳು. ಹೆಸರೇನಪಾ? ನನ್ನ ಹೆಸರು ಫಕ್ಕೀರೇಶ. ಯಾವೂರು? ನಮ್ಮೂರು ಸವಣೂರು. ಶೀಗಿ ಹುಣ್ಣಿಮೆಗೆ ಶುರುವಾದದ್ದು, ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅವನು ಪ್ರಶ್ನೆ ಬಿಟ್ಟು ಉತ್ತರವನ್ನಷ್ಟೇ ಹೇಳಿದ. ಮಾದೇವಿ ಕೈಯಲ್ಲಿದ್ದ ಚೀಲ ಬಿಟ್ಟು ಅವನ ಕಾಲು ಹಿಡಿದುಕೊಂಡು ಅತ್ತಳು. ಅವನಿಗೆ ಮುಟ್ಟಿದರೆ ಆಗುವುದಿಲ್ಲ, ಕಾಲು ಎಳೆದುಕೊಂಡ.

ಶಿಬಿರದ ದಿನ ಅವನಿಗೆ ಎರೆದು, ತಲೆಗೆ ಎಣ್ಣೆ ಹಚ್ಚಿ, ಮಾಲಾಳ ಮದುವೆಯಲ್ಲಿ ಹೊಲಿಸಿದ ಇಸ್ತ್ರಿ ಅಂಗಿ ತೊಡಿಸಿ, ಹಣೆಗೆ ವಿಭೂತಿ ಇಟ್ಟಳು. ದೊಡ್ಡವರ ಮುಂದೆ ಹೋಗುವಾಗ ಮಗನನ್ನು ಹೆಂಗೆ ಒಯ್ಯಬೇಕು ಎಂದು ಯಾವ ತಾಯಿಗೂ ಹೇಳಿಕೊಡಬೇಕಾಗಿಲ್ಲವಲ್ಲ. ಮುಸ್ತಾಕ ಬೇರೆಯವರನ್ನು ಕರೆದುಕೊಂಡು ಶಿಗ್ಗಾಂವಿಗೆ ಹೋಗಿದ್ದ, ಇವಳೊಬ್ಬಳೇ ಹಾನಗಲ್ಲಿಗೆ ಹೋದಳು. ಹೊರಗೆ ನೂರಾರು ಜನ. ಡಾಕ್ಟರು ಹೆಸರು ಕೇಳಿದರು, ಫಕ್ಕೀರೇಶ ಗಿಳಿಯ ಹಾಗೆ ಹೇಳಿದ. ಊರು ಕೇಳಿದರು, ಅದನ್ನೂ ಹೇಳಿ, ಕಲಿಸಿದ ಪ್ರಕಾರ ಕೈ ಮುಗಿದ. ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾನೆಯೇ ಎಂದು ತಾಯಿಯನ್ನು ಕೇಳಿದರು. ಇಷ್ಟು ವರ್ಷದ ರೂಢಿ ಬಾಯಿಗೆ ತಾನಾಗಿಯೇ ಬಂತು.

“ಎಲ್ಲಾ ಮಾಡ್ಕೋತಾನ್ರಿ ಸಾಹೇಬ್ರ. ಭಾಳ ಶಾಣ್ಯಾ ಅದಾನ್ರಿ.”

ಡಾಕ್ಟರು ಕಂಡದ್ದನ್ನು ಬರೆದರು. ಮೂವತ್ತು ಬಂತು. ರೋಗ ಕಮ್ಮಿ ಎಂದರೆ ಒಳ್ಳೆಯದೇ ಅಲ್ಲವೇ, ಮಗ ಪಾಸಾದ ಎಂದುಕೊಂಡು ಮಾದೇವಿ ದಾರಿಯುದ್ದಕ್ಕೂ ಹಿಗ್ಗಿದಳು. ಅಂಗಡಿಗೆ ಬಂದು ಎಲ್ಲರ ಕೈಗೆ ಸಕ್ಕರೆ ಹಾಕಿದಳು. ಸಂಜೆ ಬಂದ ಮುಸ್ತಾಕನ ಕೈಗೂ ಹಾಕಲು ಹೋದಳು. ಅವನು ಅಂಕಿ ನೋಡಿ, ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ.

“ಕನ್ಯಾ ತೋರ್ಸಿದಂಗ ಮಗನ್ನ ತೋರ್ಸಿ ಬಂದೀರಲ್ಲಕ್ಕಾ,” ಅಂದ. “ಛಲೋ ಅದಾನ ಅಂದ್ರ ಸರಕಾರ ಯಾಕ ನೋಡ್ತೈತ್ರಿ?”

ಸಕ್ಕರೆ ಅವಳ ಮುಷ್ಟಿಯಲ್ಲೇ ಬೆವರಿಗೆ ಕರಗಿತು.

ಒಮ್ಮೆ ಬಿದ್ದ ಅಂಕಿಯನ್ನು ಎಬ್ಬಿಸುವುದೆಂದರೆ ಸತ್ತ ಎತ್ತನ್ನು ಎಬ್ಬಿಸಿದ ಹಾಗೆ. ಮತ್ತೆ ಅರ್ಜಿ, ಮತ್ತೆ ಜಿಲ್ಲೆಯ ದೊಡ್ಡ ದವಾಖಾನೆ. ಮನಸ್ಸಿನ ಡಾಕ್ಟರು ಬರುವುದು ವಾರಕ್ಕೊಂದೇ ದಿನ. ಒಂದು ವಾರ ಅವರು ರಜೆ, ಒಂದು ವಾರ ಕಂಪ್ಯೂಟರಿಗೆ ನೆಟ್ ಇಲ್ಲ, ಇನ್ನೊಂದು ವಾರ ಡಾಕ್ಟರಿಗೇ ವರ್ಗ. ಫಕ್ಕೀರೇಶನಿಗೆ ಬಸ್ಸಿನಲ್ಲಿ ಡ್ರೈವರನ ಹಿಂದಿನ ಕಿಟಕಿಯೇ ಆಗಬೇಕು, ಅಲ್ಲಿ ಯಾರಾದರೂ ಕೂತಿದ್ದರೆ ಬಸ್ಸು ಹತ್ತುವುದಿಲ್ಲ. ಹೀಗೆ ಬಸ್ಸು ಬಿಡುತ್ತ ಬಿಡುತ್ತ, ದವಾಖಾನೆಯ ಹೊರಗಿನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತ ಕಟ್ಟುತ್ತ ಒಂದು ಮಳೆಗಾಲ ಕಳೆಯಿತು. ಅವಳಿಗೆ ಸಿಟ್ಟು ಬರುವುದೂ ನಿಂತಿತ್ತು. ಸಿಟ್ಟಿಗೂ ಕಸುವು ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ಆದರೆ ಇಲ್ಲಿ ಪೂಜಾರಿಯನ್ನು ಬಯ್ಯುವ ಹಾಗೂ ಇರಲಿಲ್ಲ. ಬಾಗಿಲು ಹಾಕಿಕೊಂಡದ್ದು ಅವಳದೇ ಬಾಯಿ.

ಕೊನೆಗೆ ಒಳಗೆ ಕರೆದ ದಿನ ಮುಸ್ತಾಕ ಬಾಗಿಲಲ್ಲಿ ನಿಂತು, ಮನೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳು, ಒಂದನ್ನೂ ಮುಚ್ಚಿಡಬೇಡ ಎಂದು ಕೈ ಮುಗಿದು ಹೇಳಿದ. ಒಳಗೆ ಹೆಣ್ಣು ಡಾಕ್ಟರು, ಮಾಲಾಳ ವಾರಗೆಯವರು. ಮೆತ್ತಗೆ ಹೆಸರು ಕೇಳಿದರು. ಫಕ್ಕೀರೇಶ ಹೆಸರೂ ಹೇಳಿದ, ಊರೂ ಹೇಳಿದ, ಕೈಯನ್ನೂ ಮುಗಿದ. ಡಾಕ್ಟರು ನಕ್ಕರು. ಆ ನಗು ನೋಡಿ ಮಾದೇವಿ ಇನ್ನೊಂದು ಮೂವತ್ತು ಬಿತ್ತು ಎಂದುಕೊಂಡಳು. ಮಗನನ್ನು ಹೊರಗೆ ಕೂಡಿಸಬಹುದೇ ಎಂದು ಕೇಳಿದಳು. ಅವನು ಒಬ್ಬನೇ ಕೂಡುತ್ತಾನೆಯೇ ಎಂದು ಡಾಕ್ಟರು ತಿರುಗಿ ಕೇಳಿದರು. ಕೂಡುವುದಿಲ್ಲ. ಹಾಗಾಗಿ ಅವನ ಮುಂದೆಯೇ ಹೇಳಬೇಕಾಯಿತು.

ಅವಳು ಹೇಳಿದಳು. ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಗೋಡೆಗೆ ತಲೆ ಜಜ್ಜಿಕೊಳ್ಳುವುದು, ಬಟ್ಟೆಯಲ್ಲೇ ಹೊಲಸು ಮಾಡಿಕೊಂಡು ಕೂಡುವುದು, ಎದ್ದು ಹೋಗಬಾರದೆಂದು ಅವನ ಕೈಗೂ ತನ್ನ ಕೈಗೂ ಸೀರೆಯ ಸೆರಗು ಗಂಟು ಹಾಕಿ ಮಲಗುವುದು. ಗಂಡನಿಗೂ ಪೂರ್ತಿ ಹೇಳದ ಮಾತುಗಳು.

“ಇಷ್ಟ ದೊಡ್ಡ ಗಂಡಸಿಗೆ ನಾನ ಎರೀತೇನ್ರಿ, ನಾನ ತೊಳೀತೇನ್ರಿ,” ಎಂದು ಬಿಕ್ಕಿದಳು. “ಹೆಸರು ನಾ ಕಲಿಸಿದ್ದಕ್ಕ ಹೇಳ್ತಾನ, ಖರೇ ಏನೂ ಇಲ್ರಿ. ಇಂವಗ ಏನೂ ತಿಳಿಯಂಗಿಲ್ರಿ. ಏನೂ ತಿಳಿಯಂಗಿಲ್ಲ.”

ಫಕ್ಕೀರೇಶ ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತ ಕೂತಿದ್ದ. ಡಾಕ್ಟರು ಪೆನ್ನು ಕೆಳಗಿಟ್ಟು ಅವಳಿಗೆ ನೀರು ಕೊಟ್ಟರು. ಆಮೇಲೆ ಬಹಳ ಹೊತ್ತು ಅವನನ್ನೂ ಪರೀಕ್ಷೆ ಮಾಡಿದರು, ಅವಳನ್ನೂ ಕೇಳಿದರು. ಈ ಸಲ ಎಪ್ಪತ್ತು ಬಂತು. ಮುಸ್ತಾಕ ಹೊರಗೆ ಅಲ್ಹಮ್ದುಲಿಲ್ಲಾ ಅಂದ. ಮಾದೇವಿ ಈ ಸಲ ಸಕ್ಕರೆ ಹಂಚಲಿಲ್ಲ. ಮಗನನ್ನು ಸಂತೆಯಲ್ಲಿ ಬತ್ತಲೆ ನಿಲ್ಲಿಸಿ ಬಂದ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ಬಸ್ಸಿನಲ್ಲಿ ಅವನ ಮುಖ ನೋಡುವ ಧೈರ್ಯ ಬರಲಿಲ್ಲ.

ಕಾರ್ತಿಕದಲ್ಲಿ ಸಮಿತಿಯ ಕಡೆಯಿಂದ ಒಬ್ಬ ಸಾಹೇಬರು ಮನೆ ನೋಡಲು ಬಂದರು. ಮಾಲಾ, ಸಾಗರ ಬಂಕಾಪುರದಿಂದ ಬಂದಿದ್ದರು. ನೋಡಿಕೊಳ್ಳಲು ಒಪ್ಪಿಗೆ ಇದೆಯೇ ಎಂದು ಕೇಳಿದ್ದಕ್ಕೆ ಇಬ್ಬರೂ ಇದೆ ಎಂದರು. ಬೀಗರಿಂದ ಬಚ್ಚಿಟ್ಟಿದ್ದ ಮಗನಿಗೆ ಆ ಅಳಿಯನೇ ಹೂಂ ಅಂದದ್ದು ನೋಡಿ ಮಾದೇವಿಗೆ ನಾಚಿಕೆಯೂ ಆಯಿತು, ಹೊಟ್ಟೆಯೂ ತಣ್ಣಗಾಯಿತು. ಹೊರಡುವ ಮುಂಚೆ ಸಾಹೇಬರು ಫಕ್ಕೀರೇಶನ ಹತ್ತಿರ ಬಗ್ಗಿ, ನಿನ್ನ ಹೆಸರೇನಪ್ಪ ಎಂದು ಕೇಳಿದರು. ಇದೊಂದನ್ನಾದರೂ ಅವನು ಚಂದಾಗಿ ಹೇಳುತ್ತಾನೆ ಎಂದು ಮಾದೇವಿ ಸೆರಗು ಸರಿಮಾಡಿಕೊಂಡು ನಿಂತಳು.

“ಇಂವಗ ಏನೂ ತಿಳಿಯಂಗಿಲ್ರಿ,” ಅಂದ ಫಕ್ಕೀರೇಶ. “ಏನೂ ತಿಳಿಯಂಗಿಲ್ಲ.”

ಅವಳದೇ ದನಿ, ಅವಳದೇ ಬಿಕ್ಕು. ಸಾಹೇಬರು ತಲೆಯಾಡಿಸಿ ಅದನ್ನೇ ಬರೆದುಕೊಂಡರು. ಮುಸ್ತಾಕ ನೆಲ ನೋಡಿದ. ಮಾಲಾ ಅವ್ವನ ಕೈ ಹಿಡಿದುಕೊಂಡಳು.

ಆದೇಶ ಬಂತು. ಮಾದೇವಿಯ ಹಿಂದೆ ಮಾಲಾಳೇ ಪೋಷಕಿ, ಸರಕಾರದ ಮುದ್ರೆಯೊಂದಿಗೆ. ಬೇಕಾದದ್ದು ಸಿಕ್ಕಿತು, ಅದು ಸುಳ್ಳಲ್ಲ. ಗೆದ್ದೆ ಬಿಡವ್ವ ಎಂದು ದಸ್ತಗೀರಸಾಬರೂ ಅಂದರು. ಮಾದೇವಿ ಹೂಂ ಅಂದಳು. ಆದರೆ ಈಗ ಫಕ್ಕೀರೇಶನನ್ನು ಯಾರು ಹೆಸರು ಕೇಳಿದರೂ ಅವನ ಬಾಯಿಂದ ಬರುವುದು ಅದೊಂದೇ ಮಾತು. ನಾಳೆ ಮತ್ತೆ ಎದ್ದು ನಡೆದರೆ, ಯಾವುದೋ ಊರಿನ ಕಂಬದ ಹತ್ತಿರ ಜನ ಸುತ್ತುಗಟ್ಟಿ ಯಾರು ನೀನು ಎಂದು ಕೇಳಿದರೆ, ಅವನು ಹೇಳುವುದೂ ಅದೇ. ಆದೇಶದ ಹಾಳೆ ಟ್ರಂಕಿನಲ್ಲಿರುತ್ತದೆ, ಅವನ ಅಂಗಿಗೆ ಅದನ್ನು ಹೊಲಿಯಲು ಬರುವುದಿಲ್ಲ.

ಅದಕ್ಕೇ ಈಗ ಮಧ್ಯಾಹ್ನ ಅಂಗಡಿಯ ಹಿಂದೆ ಮತ್ತೆ ಮಂಡಕ್ಕಿ ಬಂದಿದೆ. ಎಣ್ಣೆಯ ಕಾವಿಗೆ ಅವಳ ಕಣ್ಣು ಉರಿಯುತ್ತವೆ, ಕಾಲು ಬಾತಿವೆ. ಫಕ್ಕೀರೇಶ ಕರ್ರನೆಯ ಕಾಳು ಆರಿಸುತ್ತಿರುತ್ತಾನೆ. ಹೆಸರೇನಪಾ ಎಂದು ಅವಳು ಕೇಳುತ್ತಾಳೆ. ಅವನು ಅದೇ ಮಾತು ಅನ್ನುತ್ತಾನೆ, ಬಿಕ್ಕಿನೊಂದಿಗೆ.

“ತಿಳೀತೈತಿ, ನಿನಗ ಎಲ್ಲಾ ತಿಳೀತೈತಿ,” ಎಂದು ಹೇಳಿ, ಒಂದು ಹಿಡಿ ಮಂಡಕ್ಕಿಯನ್ನು ಅವನ ಪರಾತಕ್ಕೆ ತಾಗದ ಹಾಗೆ ಇಡುತ್ತಾಳೆ. ಅಳು ಬಂದರೂ ಅಳುವ ಹಾಗಿಲ್ಲ, ಅತ್ತರೆ ಅದನ್ನೂ ಕಲಿತುಬಿಡುತ್ತಾನೆ. ಗಂಟಲು ಸರಿಮಾಡಿಕೊಂಡು, ಸಮಾಧಾನದ ದನಿಯಲ್ಲಿ ಮೊದಲಿನಿಂದ ಶುರು ಮಾಡುತ್ತಾಳೆ. ನನ್ನ ಹೆಸರು ಫಕ್ಕೀರೇಶ. ನಮ್ಮೂರು ಸವಣೂರು.